ಹೊಸ ಕಾರಿನ ಅಡಿಗೆ ಕಪ್ಪು ಲೇಪ ಬಳಿಸುವ ಮೊದಲು ತೂತುಗಳನ್ನು ಎಣಿಸಿಕೊಳ್ಳಿ

ಬ್ರೇಕ್ ಹಾಕಿದಾಗಲೆಲ್ಲ ಬಾಗಿಲಿನ ಬುಡದಲ್ಲಿ ಬಲಿತ ತೆಂಗಿನಕಾಯಿ ಕುಲುಕಿದಂತಹ ಸದ್ದು. ಯಾರೋ ನೀರಿನ ಬಾಟಲಿ ಬಿಟ್ಟು ಹೋಗಿರಬೇಕೆಂದು ಸೀಟುಗಳ ಕೆಳಗೆ ಕೈಹಾಕಿ ಹುಡುಕಿದೆ. ಡಿಕ್ಕಿಯಲ್ಲಿ, ಸ್ಟೆಪ್ನಿ ಇಡುವ ಗುಂಡಿಯಲ್ಲಿ, ಕೊನೆಗೆ ಹೆಂಡತಿಯ ಚೀಲದಲ್ಲಿ ಕೂಡ ನೋಡಿ ಬೈಸಿಕೊಂಡೆ. ನೀರು ಇದ್ದದ್ದು ಕಾರಿನ ತಗಡಿನೊಳಗೆ. ಅದು ಅಲ್ಲಿಯೇ ಉಳಿಯುವಂತೆ ವ್ಯವಸ್ಥೆ ಮಾಡಿಕೊಟ್ಟವನು ನಾನೇ, ಅದೂ 5,500 ರೂಪಾಯಿ ಎಣಿಸಿ ಕೊಟ್ಟು.

ನಮ್ಮ ಮನೆ ಕಾಪುವಿನ ಹತ್ತಿರ, ಸಮುದ್ರಕ್ಕೆ ಒಂದು ಕಿಲೋಮೀಟರ್ ಕೂಡ ಇಲ್ಲ. ಕಿಟಕಿಯ ಸರಳು, ಗೇಟಿನ ಕೀಲು, ಸೈಕಲ್ಲಿನ ಚೈನು, ಯಾವುದಕ್ಕೂ ಇಲ್ಲಿ ದೀರ್ಘಾಯುಷ್ಯವಿಲ್ಲ. ಏಪ್ರಿಲ್ 2019ರಲ್ಲಿ ಹೊಸ ಹ್ಯಾಚ್‌ಬ್ಯಾಕ್ ಕೊಂಡೆ. ನಾನು ಕಾರಿನ ಹುಚ್ಚಿನವನು. ಕೊಳ್ಳುವ ಮೊದಲು ಆರು ತಿಂಗಳು ವಿಮರ್ಶೆಗಳನ್ನು ಓದಿ, ಟಾರ್ಕ್ ಎಷ್ಟು, ಡಿಕ್ಕಿ ಎಷ್ಟು ಲೀಟರ್, ನೆಲದಿಂದ ಎತ್ತರ ಎಷ್ಟು ಮಿಲಿಮೀಟರ್ ಎಂಬುದನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ಆ ಎತ್ತರದ ಕೆಳಗೆ ಒಮ್ಮೆ ಬಗ್ಗಿ ನೋಡುವ ಬುದ್ಧಿ ಮಾತ್ರ ಬರಲಿಲ್ಲ.

ಶೋರೂಮಿನ ಹುಡುಗ ಬಿಲ್ಲಿನ ಕೊನೆಯ ಸಾಲುಗಳಿಗೆ ಬಂದಾಗ ದನಿ ತಗ್ಗಿಸಿದ. “ಸರ್, ನಿಮ್ಮದು ಕಡಲ ಬದಿ. ಅಡಿಗೆ ಆಂಟಿ ರಸ್ಟ್ ಲೇಪ ಹೊಡೆಸದಿದ್ದರೆ ಎರಡು ಮಳೆಗಾಲಕ್ಕೆ ತಗಡು ಉಳಿಯುವುದಿಲ್ಲ.” ನನ್ನ ಕಣ್ಣ ಮುಂದೆ ಚಿಕ್ಕಪ್ಪನ ಹಳೆಯ ಕಾರು ಬಂದು ನಿಂತಿತು. ಅದರ ನೆಲದ ತೂತಿನಲ್ಲಿ ರಸ್ತೆ ಹಿಂದಕ್ಕೆ ಓಡುವುದನ್ನು ನೋಡುತ್ತಾ ನಾವು ಮಕ್ಕಳು ಕಟೀಲಿಗೆ ಹೋಗುತ್ತಿದ್ದೆವು. ಆ ಹುಡುಗ ಮಾರಿದ್ದು ಲೇಪವನ್ನಲ್ಲ, ಆ ನೆನಪನ್ನು. ನಾನು ತಲೆಯಾಡಿಸಿದೆ.

ಮರುದಿನ ಕಾರು ಕೈಗೆ ಬಂತು. ಮೊದಲ ಎರಡು ವಾರ ರಬ್ಬರು ಸುಟ್ಟ ವಾಸನೆ. ಕೇಳಿದರೆ “ಹೊಸ ಗಾಡಿ ಸರ್, ಹೋಗುತ್ತದೆ” ಎಂಬ ಉತ್ತರ. ವಾಸನೆಯೇನೋ ಹೋಯಿತು. ಸೈಲೆನ್ಸರ್ ಕೊಳವೆಯ ಮೇಲೂ ಲೇಪ ಎರಚಿದ್ದರು, ಅದು ಸುಟ್ಟು ಮುಗಿದಿತ್ತು ಅಷ್ಟೇ. ಅಲ್ಲಿಯೇ ಅನುಮಾನ ಪಡಬೇಕಿತ್ತು. ಸೈಲೆನ್ಸರ್ ಬಿಟ್ಟು ಎರಚುವಷ್ಟು ತಾಳ್ಮೆ ಇಲ್ಲದವನು ಉಳಿದ ಕಡೆ ಹೇಗೆ ಎರಚಿರಬಹುದು?

ಕುಲುಕುವ ಸದ್ದು ಕೇಳಿಸಿದ್ದು ಮೂರನೆಯ ಮಳೆಗಾಲದಲ್ಲಿ. ಸರ್ವಿಸಿಗೆ ಬಿಟ್ಟಾಗ ಹೇಳಿದೆ. ಬಿಸಿಲಿನ ದಿನ ಓಡಿಸಿ ನೋಡಿ “ಏನೂ ಇಲ್ಲ” ಎಂದು ಬರೆದುಕೊಟ್ಟರು. ಮಳೆ ನಿಂತ ಮೇಲೆ ನಾನೂ ಮರೆತೆ. ಆಗಸ್ಟ್ 2022ರಲ್ಲಿ ಎಡಬದಿಯ ಹಿಂದಿನ ಬಾಗಿಲಿನ ಅಂಚಿನಲ್ಲಿ ಬಣ್ಣ ಸಣ್ಣ ಬೊಕ್ಕೆಯಂತೆ ಉಬ್ಬಿದ್ದು ಕಂಡಿತು. ಊರಿನಲ್ಲಿ ಟಿಂಕರಿಂಗ್ ಮಾಡುವ ಹಿರಿಯ ಮೇಸ್ತ್ರಿಯೊಬ್ಬರ ಬಳಿಗೆ ಒಯ್ದೆ. ಅವರು ಬೊಕ್ಕೆಯನ್ನು ನೋಡಲೇ ಇಲ್ಲ. ಗೋಣಿ ಹಾಸಿಕೊಂಡು ಕಾರಿನಡಿಗೆ ನುಗ್ಗಿ, ಸ್ಕ್ರೂಡ್ರೈವರಿನಿಂದ ಒಂದು ಕಡೆ ಕೆದಕಿದರು. ಚರಂಡಿಯ ಬಣ್ಣದ ನೀರು ಧಾರೆಯಾಗಿ ಸುರಿಯಿತು. ನಿಲ್ಲಲು ನಿಮಿಷಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

“ಮಾಸ್ಟ್ರೇ, ಬಚ್ಚಲಿನ ತೂಬಿಗೆ ಸಿಮೆಂಟು ಹಾಕಿಸಿ ಸ್ನಾನ ಮಾಡುತ್ತಿದ್ದೀರಿ” ಎಂದರು ಕೆಳಗಿನಿಂದಲೇ.

ವಿಷಯ ಇಷ್ಟು. ಕಾರ್ಖಾನೆಯಲ್ಲಿ ಬೆಸುಗೆ ಮುಗಿದ ಇಡೀ ಕಾರಿನ ಗೂಡನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸುತ್ತಾರೆ. ಬಣ್ಣದ ಕಣಗಳು ತಗಡಿನ ಮೂಲೆ ಮೂಲೆಗೆ, ಟೊಳ್ಳು ಭಾಗಗಳ ಒಳಗೋಡೆಗೂ ಹೋಗಿ ಅಂಟಿಕೊಳ್ಳುತ್ತವೆ. ಆ ಪದರ ಸುಮಾರು 20 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಆಮೇಲೆ ಒಲೆಯಲ್ಲಿ ಸುಮಾರು 170 ಡಿಗ್ರಿ ಶಾಖದಲ್ಲಿ ಬೇಯಿಸಿ ಗಟ್ಟಿ ಮಾಡುತ್ತಾರೆ. ತುಕ್ಕಿನ ಎದುರು ಕಾರಿಗಿರುವ ನಿಜವಾದ ಕವಚ ಇದು. ಶೋರೂಮಿನ ಹಿತ್ತಲಿನಲ್ಲಿ ಸ್ಪ್ರೇ ಗನ್ ಹಿಡಿದವನಿಗೆ ಇಂಥದ್ದು ಸಾಧ್ಯವೇ ಇಲ್ಲ. ಗೂಡು ಮುಳುಗಿದಾಗ ಬಣ್ಣ ಒಳನುಗ್ಗಲು, ಎತ್ತಿದಾಗ ಹೊರಗೆ ಬಸಿಯಲು ತಗಡಿನಲ್ಲಿ ತೂತುಗಳು ಬೇಕು. ಅಡಿಯಲ್ಲಿ ಹಾಗೆಯೇ ಬಿಟ್ಟ ಕೆಲವು ತೂತುಗಳು, ಬಾಗಿಲುಗಳ ಕೆಳ ಅಂಚಿನ ಸೀಳುಗಳು ಮುಂದೆ ಮಳೆನೀರಿಗೆ ದಾರಿಯಾಗುತ್ತವೆ. ಕಿಟಕಿಯ ಗಾಜಿನ ಹೊರಗಿನ ರಬ್ಬರು ಎಷ್ಟೇ ಬಿಗಿಯಾಗಿದ್ದರೂ ಬಾಗಿಲಿನೊಳಗೆ ನೀರು ಇಳಿಯುತ್ತದೆ. ಕಾರು ಮಾಡಿದವರಿಗೆ ಅದು ಗೊತ್ತು. ಇಳಿದ ನೀರು ಹೊರಗೆ ಹೋಗಬೇಕು, ಅಷ್ಟೇ ಅವರ ಲೆಕ್ಕ.

ನನ್ನ ಕಾರಿನಲ್ಲಿ ಆ ತೂತುಗಳ ಮೇಲೆಲ್ಲ ದಪ್ಪ ಕಪ್ಪು ರಬ್ಬರು ಲೇಪ ಕುಳಿತಿತ್ತು. ಬಾಗಿಲಿನ ಕೆಳಗಿನ ಉದ್ದನೆಯ ಟೊಳ್ಳು ಭಾಗಕ್ಕೆ ಟಿಂಕರಿಂಗಿನವರು ರನ್ನಿಂಗ್ ಬೋರ್ಡ್ ಎನ್ನುತ್ತಾರೆ. ಅದು ಎರಡೂ ಬದಿಯಲ್ಲಿ ಒಳಗಿನಿಂದ ತಿಂದುಹೋಗಿತ್ತು. ಇನ್ನೊಂದು ಕಡೆ ಮೇಸ್ತ್ರಿ ಲೇಪವನ್ನು ಉಗುರಿನಿಂದ ಎತ್ತಿದರೆ ಹಪ್ಪಳದಂತೆ ಎದ್ದು ಬಂತು, ಕೆಳಗೆ ಕೆಂಪು ಪುಡಿ. ತೊಳೆದ ತಗಡನ್ನು ಒಣಗಲು ಬಿಡದೆ ಬಳಿದರೆ ಹೀಗೆಯೇ ಆಗುವುದು ಎಂದರು. ತೇವ ಒಳಗೆ, ಲೇಪ ಹೊರಗೆ. ಮೇಲಿನಿಂದ ನೋಡಿದವರಿಗೆ ಕಪ್ಪಗೆ, ಅಚ್ಚುಕಟ್ಟಾಗಿ ಕಾಣುತ್ತದೆ.

ಕೊಯ್ದು, ಬೆಸುಗೆ ಹಾಕಿ, ಬಣ್ಣ ಹೊಡೆದು ಮುಗಿಸಲು 23,000 ರೂಪಾಯಿ ಆಯಿತು.

ಶೋರೂಮಿಗೆ ಹೋದೆ. ಲೇಪಕ್ಕೆ ಐದು ವರ್ಷದ ಗ್ಯಾರಂಟಿ ಪತ್ರ ನನ್ನ ಕೈಯಲ್ಲಿತ್ತು. ಮೇಜಿನ ಆಚೆಗಿದ್ದವರು ಅದನ್ನು ತಿರುಗಿಸಿ ಹಿಂಬದಿಯ ಸಣ್ಣಕ್ಷರ ತೋರಿಸಿದರು. ಆರು ತಿಂಗಳಿಗೊಮ್ಮೆ ತಪಾಸಣೆಗೆ ತರಬೇಕು, ಒಂದು ತಪ್ಪಿದರೂ ಗ್ಯಾರಂಟಿ ರದ್ದು. ನಾನು ಏಪ್ರಿಲ್ 2020ರದ್ದು ತಪ್ಪಿಸಿದ್ದೆ. ಆ ತಿಂಗಳು ಇಡೀ ದೇಶಕ್ಕೆ ಬೀಗ ಬಿದ್ದಿತ್ತು, ಅವರ ಶೋರೂಮಿಗೂ ಸಹ. ಹಾಗೆಂದೆ. “ನಿಯಮ ಕಂಪನಿಯದಲ್ಲ ಸರ್, ಲೇಪ ಹಾಕುವ ಏಜೆನ್ಸಿಯದು, ಅವರ ಗುತ್ತಿಗೆ ಈಗ ಮುಗಿದಿದೆ” ಎಂದರು. ಕಾರಿನ ವಾರಂಟಿಯಲ್ಲಿ ಕೇಳಿದರೆ, ಹೊರಗಿನವರು ಮಾಡಿದ ಕೆಲಸದಿಂದಾದ ಹಾನಿ ಅದರಲ್ಲಿ ಬರುವುದಿಲ್ಲವಂತೆ. ಲೇಪ ಮಾರುವಾಗ ಅವರು ಒಳಗಿನವರು, ಪರಿಹಾರ ಕೇಳುವಾಗ ಹೊರಗಿನವರು. ಆ ಬಿಲ್ಲಿನ ಸಾಲನ್ನು ಆಮೇಲೆ ಸರಿಯಾಗಿ ಓದಿದೆ. ಕಾರಿನ ಇನ್‌ವಾಯ್ಸಿನಲ್ಲಿ ಅದು ಇರಲೇ ಇಲ್ಲ, ಬೇರೆ ರಸೀದಿ. ಕೊಳ್ಳುವ ಸಂಭ್ರಮದಲ್ಲಿ ಯಾರು ರಸೀದಿಯ ತಲೆಬರಹ ಓದುತ್ತಾರೆ?

ಎಲ್ಲ ಲೇಪವೂ ಮೋಸ ಎಂದು ನಾನು ಹೇಳುತ್ತಿಲ್ಲ. ಹತ್ತು ವರ್ಷದ ಹಳೆಯ ಕಾರಿಗೆ, ಕಡಲ ಬದಿಯಲ್ಲಿ, ಚಕ್ರ ಬಿಚ್ಚಿ, ತೊಳೆದು, ಪೂರ್ತಿ ಒಣಗಿಸಿ, ತೂತುಗಳಿಗೂ ಬ್ರೇಕಿನ ಭಾಗಗಳಿಗೂ ಸೈಲೆನ್ಸರಿಗೂ ಮರೆ ಕಟ್ಟಿ ಮಾಡುವವರು ಸಿಕ್ಕರೆ ಮಾಡಿಸಿ. ಟೊಳ್ಳು ಭಾಗಗಳ ಒಳಗೆ ಹೊಡೆಯುವ ಮೇಣದಂತಹ ಲೇಪ ಇನ್ನೂ ಒಳ್ಳೆಯದು, ಅದು ತೇವವನ್ನು ಕೂಡಿಹಾಕದೆ ಸಂದಿಗಳಿಗೆ ಹರಿಯುತ್ತದೆ. ಆದರೆ ಡೆಲಿವರಿಯ ಹಿಂದಿನ ಸಂಜೆ ಗಂಟೆಯೊಳಗೆ ಮುಗಿಸುವ ಎರಚಾಟಕ್ಕೆ ಹೊಸ ಕಾರು ಒಡ್ಡಬೇಡಿ. ಈಗಾಗಲೇ ಆಗಿದ್ದರೆ, ಮೊಬೈಲ್ ಟಾರ್ಚ್ ಹಿಡಿದು ಬಾಗಿಲುಗಳ ಕೆಳ ಅಂಚನ್ನು ನೋಡಿ. ಪ್ರತಿ ಬಾಗಿಲಿನಲ್ಲೂ ಎರಡು ಮೂರು ಸೀಳುಗಳು ಸಾಮಾನ್ಯವಾಗಿ ಇರುತ್ತವೆ. ಮುಚ್ಚಿದ್ದರೆ ವೈರು ಕಟ್ಟುವ ಪ್ಲಾಸ್ಟಿಕ್ ಟ್ಯಾಗಿನಿಂದ ಬಿಡಿಸಿ. ಕಬ್ಬಿಣದ ಕಡ್ಡಿ ಬೇಡ, ಇರುವ ಬಣ್ಣವೂ ಕೆರೆದು ಹೋಗುತ್ತದೆ. ಆಮೇಲೆ ಗಾಜಿನ ಮೇಲೆ ಒಂದು ಚೊಂಬು ನೀರು ಸುರಿದು ಕೆಳಗೆ ಹನಿಯುತ್ತದೆಯೇ ನೋಡಿ. ಇದನ್ನು ಮಳೆಗಾಲದ ಮೊದಲೊಮ್ಮೆ, ನಡುವೊಮ್ಮೆ ನಾನೀಗ ಮಾಡುತ್ತೇನೆ. ಬೀಚಿಗೆ ಹೋಗಿ ಬಂದ ದಿನ ಅಡಿಗೆ ಸಿಹಿನೀರು ಬಿಡುತ್ತೇನೆ. ಖರ್ಚು ಸೊನ್ನೆ.

ಹೆಂಡತಿಯ ತಮ್ಮ ಮುಂದಿನ ವಾರ ಹೊಸ ಕಾರು ತರುವವನಿದ್ದಾನೆ. ಕೊಟೇಶನ್ ಕಳುಹಿಸಿದ್ದ, ಆರನೆಯ ಸಾಲಿನಲ್ಲಿ ಅದೇ ಲೇಪ, ಈಗ 7,000. ತೆಗೆಸು ಎಂದೆ. “ಅದು ಪ್ಯಾಕೇಜಿನೊಳಗಿದೆ ಭಾವ, ತೆಗೆಯಲು ಬರುವುದಿಲ್ಲವಂತೆ” ಎಂದ. ಹಾಗಾದರೆ ಬುಕಿಂಗ್ ರದ್ದು ಮಾಡುತ್ತೇನೆ ಎಂದು ಹೇಳಿ ನೋಡು ಎಂದೆ. ಅರ್ಧ ಗಂಟೆಯಲ್ಲಿ ತೆಗೆದರು, ಮೇಲೆ ಒಂದು ಜೊತೆ ಮಡ್ ಫ್ಲಾಪನ್ನೂ ಕೊಡುತ್ತಾರಂತೆ.