50 ಕೆಬಿ ಒಳಗೆ ಫೋಟೋ: ಯಾವ ಸೈಟು ವಾಸಿ?

ಆನ್‌ಲೈನ್ ಅರ್ಜಿಯಲ್ಲಿ ಹೆಸರು, ವಿಳಾಸ ತುಂಬುವುದು ದೊಡ್ಡ ಕೆಲಸವಲ್ಲ. ಸತಾಯಿಸುವುದು ಅಪ್‌ಲೋಡ್. ಐಬಿಪಿಎಸ್ ಬ್ಯಾಂಕ್ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಫೋಟೋ 20ರಿಂದ 50 ಕೆಬಿ, ಸಹಿ 10ರಿಂದ 20 ಕೆಬಿ, ಎಡಗೈ ಹೆಬ್ಬೆಟ್ಟು 20ರಿಂದ 50, ಕೈಬರಹದ ಘೋಷಣೆ 50ರಿಂದ 100. ಫೋನಿನಲ್ಲಿ ತೆಗೆದ ಫೋಟೋ ಸುಮ್ನೆ ಮೂರ್ನಾಲ್ಕು ಎಂಬಿ ಇರುತ್ತದೆ. ಅಲ್ಲಿಂದ ಇಲ್ಲಿಗೆ ಇಳಿಸಬೇಕು.

ಮಂಡ್ಯದಲ್ಲಿ ಇದಕ್ಕೆ ಎಲ್ಲರಿಗೂ ಗೊತ್ತಿರುವ ದಾರಿ ಸೈಬರ್ ಸೆಂಟರ್. ಹುಡುಗರು ಪಟಪಟ ಅಂತ ಮಾಡಿಕೊಡುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಮ್ಮೆ ಅವರ ಕಂಪ್ಯೂಟರ್ ಪರದೆಯನ್ನು ಸರಿಯಾಗಿ ನೋಡಿ. ಡೆಸ್ಕ್‌ಟಾಪ್ ತುಂಬಾ ಯಾರ್ಯಾರದೋ ಆಧಾರ್, ಯಾರ್ಯಾರದೋ ಸಹಿ, 'ಫೋಟೋ ನ್ಯೂ', 'ಸೈನ್ ಫೈನಲ್' ಅಂತ ಹೆಸರಿಟ್ಟು ಬಿದ್ದಿರುತ್ತವೆ. ನಮ್ಮದೂ ಅಲ್ಲೇ ಉಳಿಯುತ್ತದೆ. ನಮ್ಮ ಅಕ್ಕನ ಮಗಳು ಈ ಸಲ ಬ್ಯಾಂಕ್ ಅರ್ಜಿ ಹಾಕುವಾಗ, ಮನೆಯಲ್ಲೇ ಮುಗಿಸೋಣ ಅಂತ ಕೂತು ಒಂದೊಂದು ಸೈಟನ್ನೂ ಪಕ್ಕಪಕ್ಕದಲ್ಲಿ ತೆರೆದು ನೋಡಿದೆವು.

ಮೊದಲು ಫೋಟೋ ಮತ್ತು ಸಹಿ. ಗೂಗಲ್‌ನಲ್ಲಿ 'ಫೋಟೋ 50 ಕೆಬಿ' ಅಂತ ಹುಡುಕಿದರೆ ಸಾಲು ಸಾಲು ಸೈಟುಗಳು ಬರುತ್ತವೆ. ಎಷ್ಟು ಕೆಬಿ ಬೇಕು ಅಂತ ಬರೆದರೆ ಸಾಕು, ಅಷ್ಟಕ್ಕೆ ಇಳಿಸಿಕೊಡುತ್ತವೆ. ಕೇಳೋಕೆ ಚೆನ್ನಾಗಿದೆ ಅಲ್ವಾ? ಕೆಲಸವೂ ಆಗುತ್ತದೆ. ನಾವು ನೋಡಿದ ಒಂದರಲ್ಲಿ ಮಾತ್ರ 'ಡೌನ್‌ಲೋಡ್' ಅನ್ನುವ ಬಟನ್‌ಗಳು ಪುಟದ ತುಂಬಾ ಇದ್ದವು. ದೊಡ್ಡದಾಗಿ ಹಸಿರು ಬಣ್ಣದಲ್ಲಿದ್ದದ್ದು ಜಾಹೀರಾತು, ಅಸಲಿ ಬಟನ್ ಕೆಳಗೆ ಸಣ್ಣದಾಗಿ ಕೂತಿತ್ತು. ಫೋಟೋ ಹೋಗಿ ಯಾರ ಸರ್ವರ್‌ನಲ್ಲಿ ಕೂರುತ್ತದೆ, ಯಾವಾಗ ಅಳಿಸುತ್ತಾರೆ ಅನ್ನುವುದಕ್ಕೆ ಒಂದು ಸಾಲೂ ಇರಲಿಲ್ಲ. ಹೂವಿನ ಫೋಟೋ ಆದರೆ ಚಿಂತೆಯಿಲ್ಲ. ಇಲ್ಲಿ ಹೋಗುತ್ತಿರುವುದು ಸಹಿ ಮತ್ತು ಹೆಬ್ಬೆಟ್ಟು.

ಇದರ ಎದುರಿಗೆ ಇಟ್ಟು ನೋಡಿದ್ದು ಸ್ಕ್ವೂಶ್. ಗೂಗಲ್ ಕ್ರೋಮ್‌ನ ತಂಡ 2018ರಲ್ಲಿ ಬಿಟ್ಟ ಸೈಟು. ಜಾಹೀರಾತಿಲ್ಲ, ಲಾಗಿನ್ ಇಲ್ಲ, ದುಡ್ಡಿಲ್ಲ. ಫೋಟೋ ಹಾಕಿದರೆ ಪರದೆ ನಡುವೆ ಒಂದು ಗೆರೆ ಬರುತ್ತದೆ, ಎಡಕ್ಕೆ ಮೂಲ ಫೋಟೋ, ಬಲಕ್ಕೆ ಕುಗ್ಗಿಸಿದ್ದು. ಗುಣಮಟ್ಟದ ಸ್ಲೈಡರ್ ಎಳೆದ ಹಾಗೆ ಎಷ್ಟು ಕೆಬಿ ಆಯಿತು ಅಂತ ಕೆಳಗೆ ತೋರಿಸುತ್ತಾ ಹೋಗುತ್ತದೆ. ಮುಖ ಎಲ್ಲಿ ಮಸುಕಾಗಲು ಶುರುವಾಯಿತು ಅನ್ನುವುದು ಕಣ್ಣಿಗೇ ಕಾಣುತ್ತದೆ. ಕೆಬಿ ಬರೆದರೆ ತಾನೇ ಇಳಿಸುವ ಸೌಲಭ್ಯ ಇದರಲ್ಲಿ ಇಲ್ಲ. ಫೋಟೋ ಕತ್ತರಿಸುವುದಕ್ಕೂ ಬರುವುದಿಲ್ಲ, ಅದನ್ನು ಫೋನಿನ ಗ್ಯಾಲರಿಯಲ್ಲೇ ಮುಗಿಸಿಕೊಂಡು ಬರಬೇಕು. ಫೈಲ್ ಬಗೆಗಳ ಪಟ್ಟಿಯಲ್ಲಿ ವೆಬ್‌ಪಿ, ಎವಿಐಎಫ್ ಅಂತೆಲ್ಲ ಇರುತ್ತವೆ, ಅದರ ತಂಟೆಗೆ ಹೋಗಬೇಡಿ. ಅರ್ಜಿಗೆ ಬೇಕಾದದ್ದು ಜೆಪಿಜಿ, ಅದಕ್ಕೆ ಮೋಜ್‌ಜೆಪೆಗ್ ಅನ್ನುವುದನ್ನೇ ಆರಿಸಿ ಇಟ್ಟಿರಿ.

ಸಹಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಜಾಸ್ತಿ ಜನ ಎಡವುವುದು ಇಲ್ಲೇ. ಬಿಳಿ ಹಾಳೆ ಮೇಲೆ ಕಪ್ಪು ಇಂಕಿನಲ್ಲಿ ಸಹಿ. ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಫೋನಿನದೇ ನೆರಳು ಬೀಳುತ್ತದೆ, ಬೆಳಗ್ಗೆ ಕಿಟಕಿ ಪಕ್ಕ ತೆಗೆದರೆ ಸರಿ. ಐಬಿಪಿಎಸ್ ಸಹಿಗೆ 140 x 60 ಪಿಕ್ಸೆಲ್ ಇದ್ದರೆ ಒಳ್ಳೆಯದು ಅನ್ನುತ್ತದೆ. ನಾವು ಅದೇ ಅಳತೆಗೆ ಇಳಿಸಿದೆವು. "ಮಾವ, ಈಗ ಚಿಕ್ಕದಾಯ್ತು ಅಂತಿದೆ!" ಅಂದಳು ಅಕ್ಕನ ಮಗಳು. ಹೌದು, 20 ಕೆಬಿ ಮೀರಬಾರದು ಅನ್ನುವುದು ಎಲ್ಲರಿಗೂ ನೆನಪಿರುತ್ತದೆ, 10 ಕೆಬಿಗಿಂತ ಕಮ್ಮಿಯೂ ಇರಬಾರದು ಅನ್ನುವುದು ಮರೆತುಹೋಗುತ್ತದೆ. ಅಷ್ಟು ಸಣ್ಣ ಅಳತೆಯಲ್ಲಿ ಗುಣಮಟ್ಟವನ್ನು ಎಷ್ಟು ಏರಿಸಿದರೂ 10 ಕೆಬಿ ಮುಟ್ಟುವುದು ಕಷ್ಟ. ಉಪಾಯ ಇಷ್ಟೇ: ಅದೇ ಆಕಾರ ಉಳಿಸಿಕೊಂಡು ಅಗಲವನ್ನು 400 ಪಿಕ್ಸೆಲ್ ಹತ್ತಿರ ಇಡಿ, ಆಮೇಲೆ ಸ್ಲೈಡರ್ ಎಳೆದು 15 ಕೆಬಿ ಆಸುಪಾಸಿಗೆ ತನ್ನಿ. ಇಂಥ ಸಣ್ಣ ಹೊಂದಾಣಿಕೆಗೆ ಸ್ಕ್ವೂಶ್ ಹೇಳಿ ಮಾಡಿಸಿದ ಹಾಗಿದೆ.

ನನ್ನ ಓಟು ಅದಕ್ಕೇ ಬೀಳಲು ಇನ್ನೊಂದು ಕಾರಣ ಇದೆ. ಸೈಟು ತೆರೆದ ಮೇಲೆ ನೆಟ್ ಆಫ್ ಮಾಡಿ, ಆಮೇಲೆ ಫೋಟೋ ಹಾಕಿ ನೋಡಿ. ಆಗಲೂ ಕೆಲಸ ಮಾಡಿದರೆ ಫೋಟೋ ನಿಮ್ಮ ಕಂಪ್ಯೂಟರ್ ಬಿಟ್ಟು ಆಚೆ ಹೋಗುತ್ತಿಲ್ಲ ಅಂತ ಲೆಕ್ಕ. ಸ್ಕ್ವೂಶ್ ಈ ಪರೀಕ್ಷೆಯಲ್ಲಿ ಪಾಸು. ಕೆಬಿ ಬರೆಸಿಕೊಂಡ ಆ ಸೈಟು ಸುತ್ತುತ್ತಾ ನಿಂತುಬಿಟ್ಟಿತು.

ಇನ್ನು ಪಿಡಿಎಫ್. ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿಯ ಆರು ಸೆಮಿಸ್ಟರ್ ಅಂಕಪಟ್ಟಿ, ಎಲ್ಲ ಒಂದೇ ಫೈಲ್ ಮಾಡಿ ಹಾಕಿ ಅಂತ ಕೇಳುವ ಅರ್ಜಿಗಳೂ ಇವೆ. ಇದಕ್ಕೆ ಐ ಲವ್ ಪಿಡಿಎಫ್ ಮತ್ತು ಪಿಡಿಎಫ್ 24 ಎರಡನ್ನೂ ನೋಡಿದೆವು.

ಐ ಲವ್ ಪಿಡಿಎಫ್ ಬಾರ್ಸಿಲೋನಾದವರದು. ಬಳಸೋಕೆ ಇದರಷ್ಟು ಸಲೀಸು ಇನ್ನೊಂದಿಲ್ಲ. ಪುಟಗಳನ್ನು ಎಳೆದು ಹಿಂದೆ ಮುಂದೆ ಜೋಡಿಸಬಹುದು, ಕುಗ್ಗಿಸಲು ಮೂರು ಹಂತ ಇದೆ. ಫೈಲ್ ಅವರ ಸರ್ವರ್‌ಗೆ ಹೋಗುತ್ತದೆ, ಎರಡು ಗಂಟೆಯೊಳಗೆ ಅಳಿಸುತ್ತೇವೆ ಅಂತ ಅವರೇ ಬರೆದಿದ್ದಾರೆ. ಅಂಕಪಟ್ಟಿಗೆ ಅಷ್ಟು ಸಾಕು ಅನ್ನಿಸಿತು.

ಪಿಡಿಎಫ್ 24 ಜರ್ಮನಿಯದು, ಪೂರ್ತಿ ಉಚಿತ. ನೋಡೋಕೆ ಅಷ್ಟೇನೂ ಅಂದವಿಲ್ಲ, ಬಟನ್‌ಗಳ ಸಂತೆ. ಆದರೆ ಕುಗ್ಗಿಸುವಾಗ ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ) ಎಷ್ಟು, ಚಿತ್ರದ ಗುಣಮಟ್ಟ ಎಷ್ಟು, ಬಣ್ಣ ತೆಗೆದು ಕಪ್ಪುಬಿಳುಪು ಮಾಡಬೇಕಾ ಅಂತೆಲ್ಲ ಕೇಳುತ್ತದೆ. ಸ್ಕ್ಯಾನ್ ಮಾಡಿದ ಅಂಕಪಟ್ಟಿಯ ಬಣ್ಣ ತೆಗೆದರೆ ಅಕ್ಷರ ಹಾಳಾಗದೆ ಫೈಲ್ ಇಳಿಯುತ್ತದೆ. ಸೈಟಿನಲ್ಲಿ ಮಾಡಿದರೆ ಇದೂ ಸರ್ವರ್‌ಗೇ ಹೋಗುತ್ತದೆ. ಆದರೆ ವಿಂಡೋಸ್‌ಗೆ ಇವರದೇ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಅದು ನೆಟ್ ಇಲ್ಲದೆ ನಡೆಯುತ್ತದೆ. ಪಾನ್, ಪಾಸ್‌ಬುಕ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಇವನ್ನೆಲ್ಲ ನಾನೀಗ ಅದರಲ್ಲೇ ಮಾಡುವುದು. ಕರೆಂಟ್ ಹೋಗಿ ವೈಫೈ ನಿಂತರೂ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಕೆಲಸ ಮುಂದುವರಿಯುತ್ತದೆ, ಅದು ಬೋನಸ್ಸು.

ಆಧಾರ್ ಕಳಿಸಲೇಬೇಕಾದರೆ, ತೆಗೆದುಕೊಳ್ಳುವವರು ಒಪ್ಪಿದರೆ, ಮೈ ಆಧಾರ್ ಸೈಟಿನಲ್ಲಿ ಮಾಸ್ಕ್ಡ್ ಆಧಾರ್ ಇಳಿಸಿಕೊಳ್ಳಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. ಡಿಜಿಲಾಕರ್‌ನಿಂದ ಇಳಿಸಿದ ಅಂಕಪಟ್ಟಿಯಾದರೆ ಅದನ್ನು ಕುಗ್ಗಿಸಲೂ ಬೇಡಿ, ಬೇರೆ ಫೈಲಿಗೆ ಅಂಟಿಸಲೂ ಬೇಡಿ. ಅದರಲ್ಲಿ ಡಿಜಿಟಲ್ ಸಹಿ ಇದ್ದರೆ, ಫೈಲನ್ನು ಬದಲಿಸಿದ ಕೂಡಲೇ ಆ ಸಹಿ ಕೆಲಸಕ್ಕೆ ಬರುವುದಿಲ್ಲ.

ಲ್ಯಾಪ್‌ಟಾಪ್ ಇಲ್ಲದವರಿಗೆ ಸ್ಕ್ವೂಶ್ ಫೋನಿನ ಕ್ರೋಮ್‌ನಲ್ಲೂ ನಡೆಯುತ್ತದೆ. ಚಿಕ್ಕ ಪರದೆಯಲ್ಲಿ ಬೆರಳಿನಿಂದ ಸ್ಲೈಡರ್ ಎಳೆದರೆ ಒಂದೇ ಸಲಕ್ಕೆ ಎತ್ತಲೋ ಓಡಿಬಿಡುತ್ತದೆ. ಎಳೆಯುವ ಬದಲು ಪಕ್ಕದ ಅಂಕಿಯನ್ನು ಮುಟ್ಟಿ 60, ಸಾಲದಿದ್ದರೆ 55 ಅಂತ ಟೈಪ್ ಮಾಡಿ.