ಹಳೆಯ ಲ್ಯಾಪ್‌ಟಾಪ್‌ಗೆ ‘ಹೊಸ’ ಎಸ್‌ಎಸ್‌ಡಿ ಹಾಕಿಸುವ ಮುನ್ನ ನನಗಾದ ಮೋಸವನ್ನು ಓದಿ
2014ರಲ್ಲಿ ಕೊಂಡ ನನ್ನ ಲ್ಯಾಪ್‌ಟಾಪ್ ತೆರೆದುಕೊಳ್ಳಲು ಐದಾರು ನಿಮಿಷ ಬೇಕಾಗುತ್ತಿತ್ತು. ಇದ್ದದ್ದು 4 ಜಿಬಿ ರ‍್ಯಾಮ್ ಮತ್ತು ನಿಮಿಷಕ್ಕೆ 5400 ಸುತ್ತು ತಿರುಗುವ 500 ಜಿಬಿ ಹಾರ್ಡ್ ಡಿಸ್ಕ್; ಬ್ರೌಸರ್‌ನಲ್ಲಿ ನಾಲ್ಕು ಪುಟ ತೆರೆದರೆ ರ‍್ಯಾಮ್ ತುಂಬಿ, ಮಿಕ್ಕ ಭಾರವೆಲ್ಲ ಆ ಡಿಸ್ಕಿನ ಮೇಲೆ ಬಿದ್ದು, ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಬಳಕೆ ಶೇ. 100ರಲ್ಲೇ ನಿಂತಿರುತ್ತಿತ್ತು. ಆ ಡಿಸ್ಕಿನ ಬದಲು ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ, ಹೆಚ್ಚು ವೇಗದ ಸಂಗ್ರಹ ಸಾಧನ) ಹಾಕಿಸಿ, ಖಾಲಿ ಇರುವ ಸ್ಲಾಟಿಗೆ ಇನ್ನೊಂದು ರ‍್ಯಾಮ್ ಸೇರಿಸಿದರೆ ಹೊಸ ಲ್ಯಾಪ್‌ಟಾಪಿನ ಖರ್ಚೇ ಉಳಿಯುತ್ತದೆ ಎಂದು ಮನೆಯಲ್ಲಿ ಜಂಭ ಕೊಚ್ಚಿದವನು ನಾನೇ. ಆ ಲೆಕ್ಕ ಈಗಲೂ ತಪ್ಪಲ್ಲ, ತಪ್ಪಾದದ್ದು ನಾನು ಹೊಕ್ಕ ಅಂಗಡಿ.

ಬೆಂಗಳೂರಿನ ಎಸ್.ಪಿ. ರಸ್ತೆಯ ಒಳಓಣಿಯೊಂದರಲ್ಲಿ 480 ಜಿಬಿ ಎಸ್‌ಎಸ್‌ಡಿಗೆ ₹2,400, 8 ಜಿಬಿ ಡಿಡಿಆರ್3ಎಲ್ ರ‍್ಯಾಮ್‌ಗೆ ₹1,500, ಕೂಲಿ ₹300 ಎಂದು ಮಾತಾಯಿತು. ಬಾಕ್ಸ್ ಎಲ್ಲಿ ಎಂದು ಕೇಳಿದೆ. “ಬಲ್ಕ್‌ನಲ್ಲಿ ಬರುತ್ತೆ ಸಾರ್, ಬಾಕ್ಸ್ ಇರಲ್ಲ.” ಬಿಲ್ ಕೇಳಿದೆ. “ಜಿಎಸ್‌ಟಿ ಬಿಲ್ ಆದರೆ 18 ಪರ್ಸೆಂಟ್ ಜಾಸ್ತಿ ಆಗುತ್ತೆ ಸಾರ್.” ವಿಸಿಟಿಂಗ್ ಕಾರ್ಡಿನ ಹಿಂದೆ ಬರೆದುಕೊಟ್ಟ ಮೊತ್ತವನ್ನೇ ಬಿಲ್ಲೆಂದು ಜೇಬಿಗಿಳಿಸಿದೆ. ಹಳೆಯ ಡಿಸ್ಕ್ ಬಿಟ್ಟುಹೋದರೆ ₹300 ಕಡಿಮೆ ಮಾಡುತ್ತೇವೆ ಎಂದಾಗ ಅದನ್ನೂ ಬಿಟ್ಟುಬಂದೆ. ಈ ಕೂಲಿ ಉಳಿಸಿದ ಜಾಣತನಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಮನೆಯಲ್ಲಿ ಇಪ್ಪತ್ತು ಸೆಕೆಂಡಿನಲ್ಲಿ ಲ್ಯಾಪ್‌ಟಾಪ್ ತೆರೆದುಕೊಂಡಿತು, ನಾನೂ ಹಿಗ್ಗಿದೆ. ಎರಡು ದಿನದ ನಂತರ ಮಗಳು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ, ಡಿಸ್ಕಿನ ಸ್ಥಿತಿಗತಿ ತೋರಿಸುವ ಉಚಿತ ತಂತ್ರಾಂಶ ಹಾಕಿ, ಪರದೆಯನ್ನು ನನ್ನ ಕಡೆ ತಿರುಗಿಸಿ, “ಅಪ್ಪಾ, ಇದನ್ನ ಹೊಸದು ಅಂತ ಕೊಟ್ರಾ?” ಎಂದಳು. ಪವರ್ ಆನ್ ಅವರ್ಸ್, ಅಂದರೆ ಎಸ್‌ಎಸ್‌ಡಿ ಈವರೆಗೆ ಓಡಿದ ಒಟ್ಟು ಗಂಟೆ, ಎಂಬ ಸಾಲಿನ ಎದುರು 19,412 ಎಂದಿತ್ತು. 19,412 ಗಂಟೆ! ಹಗಲೂ ರಾತ್ರಿಯೂ ಒಂದೇ ಸಮನೆ ಓಡಿದ್ದರೂ ಎರಡು ವರ್ಷ ಎರಡು ತಿಂಗಳಿಗಿಂತ ಹೆಚ್ಚು. ಹಿಂಬದಿ ಬಿಚ್ಚಿ ನೋಡಿದರೆ ಎಸ್‌ಎಸ್‌ಡಿಯ ಫಳಫಳ ಸ್ಟಿಕ್ಕರ್ ಒಂದು ಮೂಲೆಯಲ್ಲಿ ಎದ್ದಿತ್ತು. ಉಗುರಿನಿಂದ ಕೆದಕಿದಾಗ ಅದರಡಿಯಲ್ಲಿ ಇನ್ನೊಂದು ಕಂಪನಿಯ ಮಾಸಿದ ಸ್ಟಿಕ್ಕರ್ ಕಾಣಿಸಿತು. ರ‍್ಯಾಮಿನ ಕಥೆಯೂ ಅಷ್ಟೇ: ಎರಡು ಸ್ಲಾಟಿನಲ್ಲಿ ಒಂದೇ ತುಂಬಿತ್ತು, ನನ್ನ 4 ಜಿಬಿಯನ್ನು ಕೇಳದೆಯೇ ಕಿತ್ತುಕೊಂಡಿದ್ದರು. 12 ಜಿಬಿ ಇರಬೇಕಾದಲ್ಲಿ ಇದ್ದದ್ದು ಎಂಟು.

ಮರುದಿನ ಅಂಗಡಿಗೆ ಹೋದೆ. ಮೊದಲ ಉತ್ತರ: “ಅದು ಕಂಪನಿಯಲ್ಲಿ ಟೆಸ್ಟಿಂಗ್ ಮಾಡಿರೋ ಟೈಮು ಸಾರ್.” ಎರಡು ವರ್ಷ ಟೆಸ್ಟಿಂಗೇ ಎಂದು ಕೇಳಿದ್ದಕ್ಕೆ, “ನಿಮ್ಮ ಲ್ಯಾಪ್‌ಟಾಪ್ ಹಳೇದಲ್ವಾ, ಅದರ ವಯಸ್ಸು ತೋರಿಸ್ತಿದೆ” ಎಂದರು. ಆ ಗಂಟೆಗಳ ಲೆಕ್ಕ ದಾಖಲಾಗುವುದು ಎಸ್‌ಎಸ್‌ಡಿಯೊಳಗೇ ಹೊರತು ಲ್ಯಾಪ್‌ಟಾಪಿನಲ್ಲಲ್ಲ ಎಂದು ಮಗಳಿಂದ ಹಿಂದಿನ ರಾತ್ರಿಯಷ್ಟೇ ಕಲಿತದ್ದನ್ನು ಹೇಳಿದೆ. ಆತ ನಕ್ಕು, “ಇಷ್ಟೆಲ್ಲಾ ಗೊತ್ತಿರೋರು ನೀವೇ ಆನ್‌ಲೈನ್‌ನಲ್ಲಿ ತರಿಸ್ಕೋಬಹುದಿತ್ತಲ್ಲ ಸಾರ್” ಎಂದರು. ಸುತ್ತ ನಿಂತಿದ್ದ ಗಿರಾಕಿಗಳ ಮುಂದೆ ನನ್ನ ಮುಖ ಕೆಂಪಾಯಿತು. ಬಿಲ್ ತೋರಿಸಿ ಎಂದಾಗ ತೆಗೆದು ತೋರಿಸಲು ನನ್ನ ಬಳಿ ಇದ್ದದ್ದು ಆ ವಿಸಿಟಿಂಗ್ ಕಾರ್ಡ್ ಮಾತ್ರ.

ದಯವಿಟ್ಟು 18 ಪರ್ಸೆಂಟ್ ಹೋದರೂ ಹೋಗಲಿ, ಸೀರಿಯಲ್ ನಂಬರ್ ಇರುವ ಬಿಲ್ ಪಡೆಯಿರಿ, ಹಣ ಕೊಡುವ ಮೊದಲು ಅಂಗಡಿಯಲ್ಲೇ ಆ ಗಂಟೆಗಳನ್ನು ನೋಡಿ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದಾಗಲೂ ನನ್ನನ್ನು ಮೊದಲು ಕೇಳಿದ್ದು ಬಿಲ್ಲನ್ನೇ.

ಕೊನೆಗೆ ನನ್ನ ಹಳೆಯ ಡಿಸ್ಕನ್ನಾದರೂ ವಾಪಸ್ ಕೊಡಿ, ಅದರಲ್ಲಿ ಪ್ಯಾನ್, ಆಧಾರ್ ಪ್ರತಿಗಳಿದ್ದವು, ₹300 ಹಿಂದಿರುಗಿಸುತ್ತೇನೆ ಎಂದು ಬೇಡಿಕೊಂಡೆ. “ಅದನ್ನ ಆವತ್ತೇ ಫಾರ್ಮ್ಯಾಟ್ ಮಾಡಿ ಬೇರೆಯವರಿಗೆ ಹಾಕಿಕೊಟ್ಟಾಯ್ತು ಸಾರ್” ಎಂದರು. ಹೊಸದು ಎಂದು ಹೇಳಿ ಹಾಕಿಕೊಟ್ಟರೋ ಹೇಗೆ ಎಂದು ಕೇಳಿದೆ. ಆತ ಮುಂದಿನ ಗಿರಾಕಿಯ ಕಡೆ ತಿರುಗಿದರು.