ಮ್ಯಾನೇಜರನ್ನು ತೆಗೆದದ್ದು ಸರಿಯೇ? ವಾದಕ್ಕೆ ಕೂರುವ ಮುನ್ನ ಬೇಸ್‌ಬಾಲ್-ರೆಫರೆನ್ಸ್ ಜಾಲತಾಣವನ್ನು ಹೇಗೆ ನೋಡಬೇಕು

ಕಲಬುರಗಿಯಲ್ಲಿ ಬೇಸ್‌ಬಾಲ್ ನೋಡುವವರು ಬಹಳ ಮಂದಿ ಇಲ್ಲ. ನೋಡುವ ಮನೆಗಳಲ್ಲಿ ಮಗನೋ ಮಗಳೋ ಡಲ್ಲಾಸ್ ಕಡೆ ಇದ್ದರೆ ತಂಡದ ಆಯ್ಕೆಯೂ ಆಗಿಯೇ ಹೋಗಿರುತ್ತದೆ: ಟೆಕ್ಸಸ್ ರೇಂಜರ್ಸ್. ಅಲ್ಲಿ ಸಂಜೆ 7:05ಕ್ಕೆ ಶುರುವಾಗುವ ಮ್ಯಾಚ್ ಇಲ್ಲಿ ಬೆಳಗಿನ 5:35ಕ್ಕೆ. 2023ರಲ್ಲಿ ಪಿಚ್ ಕ್ಲಾಕ್ (ಎಸೆತಗಳ ನಡುವಿನ ಸಮಯಕ್ಕೆ ಮಿತಿ ಹಾಕುವ ಗಡಿಯಾರ) ಬಂದ ಮೇಲೆ ಆಟ ಸುಮಾರು ಎರಡು ಗಂಟೆ ನಲವತ್ತು ನಿಮಿಷಕ್ಕೆ ಮುಗಿಯುತ್ತಿದೆ. ಅಂದರೆ ಎಂಟೂವರೆಯ ಹೊತ್ತಿಗೆ ಜಗತ್ ಸರ್ಕಲ್‌ನಲ್ಲಿ ಚಹಾ ಕುಡಿಯುತ್ತಾ ವಾದ ಮಾಡಬಹುದು. ತಂಡ ನಾಲ್ಕು ದಿನ ಸತತ ಸೋತರೆ ವಾದ ಒಂದೇ. "ಮ್ಯಾನೇಜರ್‌ಗ ತೆಗದು ಒಗೀರಿ" ಅಂತ ಒಬ್ಬರು, "ಅವಗ ತೆಗದ್ರ ರನ್ ಯಾರ್ ಹೊಡೀತಾರ್ರಿ?" ಅಂತ ಇನ್ನೊಬ್ಬರು.

ಈ ವಾದಕ್ಕೆ ನಮ್ಮ ಲೆಕ್ಕದಲ್ಲಿ ಅತ್ಯಂತ ಉಪಯೋಗಕ್ಕೆ ಬರುವ ಸಾಧನ ಬೇಸ್‌ಬಾಲ್-ರೆಫರೆನ್ಸ್. ಶಾನ್ ಫೋರ್ಮನ್ 2000ರಲ್ಲಿ ಆರಂಭಿಸಿದ ಜಾಲತಾಣ ಇದು. ದುಡ್ಡು ಬೇಡ, ಲಾಗಿನ್ ಬೇಡ. ಜಾಹೀರಾತು ಸಹಿಸಿಕೊಳ್ಳಬೇಕು ಅಷ್ಟೆ. ತಂಡದ ಹೆಸರು, ವರ್ಷ ಹಾಕಿದರೆ ಆ ಸೀಸನ್‌ನ ಪ್ರತಿ ಮ್ಯಾಚಿನ ಸ್ಕೋರ್‌ಕಾರ್ಡ್ ಸಿಗುತ್ತದೆ.

ಕ್ರಿಕೆಟ್ ನೋಡಿ ಬಂದವರಿಗೆ ಒಂದು ವಿಷಯ ಮೊದಲೇ ಹೇಳಬೇಕು. ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಅಂದರೆ ತಂಡದ ಜೊತೆ ಓಡಾಡಿ ಹೋಟೆಲ್, ಟಿಕೆಟ್ ನೋಡಿಕೊಳ್ಳುವವನಲ್ಲ. ಬ್ಯಾಟಿಂಗ್ ಕ್ರಮ, ಪಿಚರನ್ನು (ನಮ್ಮ ಬೌಲರ್‌ನಂತೆ ಚೆಂಡು ಎಸೆಯುವವನನ್ನು) ಬದಲಿಸುವ ಸಮಯ, ಬಂಟ್ ಮಾಡಿಸುವುದು (ಚೆಂಡನ್ನು ಮೆಲ್ಲಗೆ ತಟ್ಟಿಸುವುದು), ಎದುರಾಳಿಗೆ ಬೇಕೆಂದೇ ವಾಕ್ ಕೊಡುವುದು (ಹೊಡೆಯದೆಯೇ ಮೊದಲ ಬೇಸ್ ಬಿಟ್ಟುಕೊಡುವುದು) ಎಲ್ಲ ಅವನದೇ ನಿರ್ಧಾರ. ನಮ್ಮಲ್ಲಿ ಕ್ಯಾಪ್ಟನ್ ಮತ್ತು ಕೋಚ್ ಹಂಚಿಕೊಂಡು ಮಾಡುವ ಕೆಲಸವನ್ನು ಅವನೊಬ್ಬನೇ ಮಾಡುತ್ತಾನೆ. ಆದರೆ ಆಟಗಾರರನ್ನು ತರುವುದು, ಬಿಡುವುದು ಜನರಲ್ ಮ್ಯಾನೇಜರ್ ಮತ್ತು ಅವನ ಮೇಲಿನವರ ಕೈಯಲ್ಲಿದೆ. ಈ ಎರಡು ಕುರ್ಚಿಗಳನ್ನು ಬೇರೆ ಬೇರೆಯಾಗಿ ನೋಡದಿದ್ದರೆ ಎಷ್ಟು ಅಂಕಿ ತೆಗೆದರೂ ವಾದ ಮುಗಿಯುವುದಿಲ್ಲ.

ಉದಾಹರಣೆಗೆ ರೇಂಜರ್ಸ್‌ನ 2022ರ ಪುಟವನ್ನೇ ತೆಗೆಯಿರಿ. ಮೇಲ್ಭಾಗದಲ್ಲಿ 68-94 ಎಂದಿದೆ, ಮೊದಲನೆಯದು ಗೆಲುವು, ಎರಡನೆಯದು ಸೋಲು. ಮ್ಯಾನೇಜರ್ ಎಂಬಲ್ಲಿ ಎರಡು ಹೆಸರು: ಕ್ರಿಸ್ ವುಡ್‌ವರ್ಡ್ 51-63, ಟೋನಿ ಬೀಸ್ಲಿ 17-31. ವುಡ್‌ವರ್ಡ್‌ರನ್ನು ಆಗಸ್ಟ್ 15ರಂದು ತೆಗೆದರು. ಹೆಚ್ಚಿನವರು ಇಷ್ಟು ನೋಡಿ ಪುಟ ಮುಚ್ಚುತ್ತಾರೆ. ಬೇಕಾದ ಸಾಲು ಅದರ ಕೆಳಗಿದೆ. ಫೋನಿನಲ್ಲಿ ಕಾಣಿಸದಿದ್ದರೆ 'ಮೋರ್ ಟೀಮ್ ಇನ್ಫೋ' ಗುಂಡಿ ಒತ್ತಿ. ಅಲ್ಲಿ 'ಪೈಥಾಗೋರಿಯನ್ ಡಬ್ಲ್ಯೂ-ಎಲ್' ಎಂದು 77-85 ಕೊಟ್ಟಿದ್ದಾರೆ. ತಂಡ ಹೊಡೆದ ರನ್ 707, ಬಿಟ್ಟುಕೊಟ್ಟ ರನ್ 743. ಇಷ್ಟು ರನ್ ಹೊಡೆದು ಇಷ್ಟು ಬಿಟ್ಟ ತಂಡ ಸಾಮಾನ್ಯವಾಗಿ ಎಷ್ಟು ಗೆಲ್ಲಬೇಕಿತ್ತು ಎಂಬ ಅಂದಾಜು ಅದು. ಬೇಸ್‌ಬಾಲ್ ಅಂಕಿಅಂಶಗಳ ಬರಹಗಾರ ಬಿಲ್ ಜೇಮ್ಸ್ ಕಂಡುಹಿಡಿದ ಸೂತ್ರ. ಜಾಲತಾಣ 1.83ನೇ ಘಾತ ಬಳಸುತ್ತದೆ, ಆದರೆ ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ ವರ್ಗ ಮಾಡಿದರೂ ನಡೆಯುತ್ತದೆ: 707ರ ವರ್ಗ 4,99,849, 743ರ ವರ್ಗ 5,52,049, ಮೊದಲನೆಯದನ್ನು ಎರಡರ ಮೊತ್ತದಿಂದ ಭಾಗಿಸಿ ಸೀಸನ್‌ನ ಮ್ಯಾಚುಗಳ ಸಂಖ್ಯೆ 162ರಿಂದ ಗುಣಿಸಿದರೆ 77. ಅಷ್ಟೂ ಬೇಡವೆಂದರೆ ಹತ್ತು ರನ್ನಿಗೆ ಒಂದು ಗೆಲುವು ಎಂದು ಹಿಡಿಯಿರಿ. 36 ರನ್ ಕೊರತೆ ಅಂದರೆ 162ರ ಅರ್ಧವಾದ 81ರಲ್ಲಿ ಮೂರೂವರೆ ಕಡಿಮೆ, ಅಲ್ಲಿಗೂ 77.

ಹಾಗಾದರೆ ಒಂಬತ್ತು ಗೆಲುವು ಎಲ್ಲಿ ಹೋದವು? ಆ ವರ್ಷದ 'ಡಿಟೇಲ್ಡ್ ಸ್ಟ್ಯಾಂಡಿಂಗ್ಸ್' ಪಟ್ಟಿಗೆ ಹೋಗಿ ಬಲಕ್ಕೆ ಸರಿಸಿ. 'ಲಕ್' ಎಂಬ ಕಾಲಂ ಈ ಅಂತರವನ್ನೇ ತೋರಿಸುತ್ತದೆ, '1ರನ್' ಎಂಬ ಕಾಲಂ ಕಾರಣ ಹೇಳುತ್ತದೆ: ಒಂದೇ ರನ್ನಿನ ಅಂತರದ ಮ್ಯಾಚುಗಳಲ್ಲಿ ರೇಂಜರ್ಸ್ 15-35. ವುಡ್‌ವರ್ಡ್ ಹೋದ ದಿನ ಇದು 6-24 ಇತ್ತು. "ಬಿಗಿ ಮ್ಯಾಚಿನಾಗ ಮ್ಯಾನೇಜರ್ ತಲಿ ಓಡಿಸಬೇಕ್ರಿ, ಇವಗ ಬರಂಗಿಲ್ಲ" ಎನ್ನುವವರು ಈ ಒಂದು ಅಂಕಿ ಹಿಡಿದೇ ಮಾತಾಡುತ್ತಾರೆ. ಕೇಳಲು ಸರಿ ಅನಿಸುತ್ತದೆ. ಆದರೆ ಕಳೆಯುವ ಲೆಕ್ಕ ಮಾಡಿ: ಬೀಸ್ಲಿ ಬಂದ ಮೇಲೆ ಒಂದು ರನ್ನಿನ ಮ್ಯಾಚುಗಳಲ್ಲಿ 9-11. ಬಿಗಿ ಮ್ಯಾಚುಗಳು ಸುಧಾರಿಸಿದವು, ಆದರೂ ಒಟ್ಟು 17-31, ಮೊದಲಿಗಿಂತ ಕೆಟ್ಟದ್ದು. ಒಂದು ರನ್ನಿನ ಫಲಿತಾಂಶ ತಾನಾಗಿಯೇ ಸಮತಟ್ಟಿಗೆ ಬರುತ್ತದೆ. ಕುರ್ಚಿಯಲ್ಲಿ ಯಾರಿದ್ದರೂ ಬರುತ್ತದೆ. ಅದೃಷ್ಟ ತೀರಾ ಕೆಟ್ಟಾಗಲೇ ಮ್ಯಾನೇಜರನ್ನು ತೆಗೆಯುವುದರಿಂದ, ನಂತರದ ಸುಧಾರಣೆಯ ಹೆಸರು ಹೊಸಬನಿಗೆ ಸುಮ್ಮನೆ ಸಿಕ್ಕಿಬಿಡುತ್ತದೆ.

6-24 ಒಂದನ್ನೇ ತೋರಿಸಿ ವುಡ್‌ವರ್ಡ್‌ರನ್ನು ದೂರುವುದು ನ್ಯಾಯವಲ್ಲ ಎಂದೇ ನಾವು ಹೇಳುತ್ತೇವೆ. ತೆಗೆಯಲು ಬೇರೆ ಆಧಾರ ಬೇಕಿದ್ದರೆ ಅವರ ಸ್ವಂತ ಪುಟದಲ್ಲಿದೆ: 2019ರಿಂದ ಒಟ್ಟು 211-287, ಒಂದು ಸೀಸನ್ ಕೂಡ ಅರ್ಧಕ್ಕಿಂತ ಹೆಚ್ಚು ಗೆದ್ದಿಲ್ಲ. ಆದರೆ ಅವರಿಗೆ ಕೊಟ್ಟ ತಂಡ ಎಂಥದ್ದು ಎಂಬ ಪ್ರಶ್ನೆ ಅಲ್ಲೇ ಏಳುತ್ತದೆ. ಮಾಲೀಕರಿಗೂ ಅದು ಗೊತ್ತಿತ್ತು. ಎರಡೇ ದಿನದಲ್ಲಿ, ಆಗಸ್ಟ್ 17ಕ್ಕೆ, ತಂಡ ಕಟ್ಟುತ್ತಿದ್ದ ಜಾನ್ ಡೇನಿಯಲ್ಸ್‌ರನ್ನೂ ಕಳಿಸಿದರು. ಮುಂದಿನ ವರ್ಷ ಬ್ರೂಸ್ ಬೋಚಿ ಮ್ಯಾನೇಜರ್ ಆಗಿ ಬಂದು ವರ್ಲ್ಡ್ ಸೀರೀಸ್ (ವರ್ಷದ ಪಟ್ಟ ನಿರ್ಧರಿಸುವ ಅಂತಿಮ ಸರಣಿ) ಗೆದ್ದದ್ದು ನಿಜ. ಆ ಸೀಸನ್‌ನ ಲೆಕ್ಕ ನೋಡಿ: ಹೊಡೆದದ್ದು 881, ಬಿಟ್ಟದ್ದು 716, ಸೂತ್ರದ ಪ್ರಕಾರ 96 ಗೆಲುವು, ನಿಜವಾಗಿ ಬಂದದ್ದು 90. ಬೋಚಿಯ ತಂಡವೂ ಲೆಕ್ಕಕ್ಕಿಂತ ಕಡಿಮೆಯೇ ಗೆದ್ದಿತು. ಬದಲಾದದ್ದು ರನ್ನುಗಳ ಸಂಖ್ಯೆ, ಅದು ಆಟಗಾರರಿಂದ ಬಂತು.

ಇಲ್ಲಿ ಬಹಳ ಜನ ಒಂದು ಕಡೆ ಎಡವುತ್ತಾರೆ. ಸೀಸನ್ ಮುಗಿದ ಮೇಲಿನ ಪುಟ ನೋಡಿ ಜೂನ್‌ನಲ್ಲಿ ತೆಗೆದುಕೊಂಡ ನಿರ್ಧಾರವನ್ನು ಅಳೆಯಲು ಆಗುವುದಿಲ್ಲ. ಅದಕ್ಕೆ 'ಸ್ಕೋರ್ಸ್' ವಿಭಾಗದಲ್ಲಿ ದಿನಾಂಕ ಆರಿಸಿ. ಆ ದಿನದ ಮ್ಯಾಚುಗಳ ಕೆಳಗೆ ಆ ದಿನದ ಅಂಕಪಟ್ಟಿ ಬರುತ್ತದೆ, ರನ್ ಲೆಕ್ಕದ ಸಮೇತ. ಫಿಲಡೆಲ್ಫಿಯಾ ಫಿಲ್ಲೀಸ್ ಜೋ ಜಿರಾರ್ಡಿಯನ್ನು ತೆಗೆದದ್ದು 2022ರ ಜೂನ್ 3ರಂದು, ಆಗ ತಂಡ 22-29. ಜೂನ್ 2ರ ಪುಟ ತೆಗೆದು, ಆ ಹೊತ್ತಿನ ಹೊಡೆದ-ಬಿಟ್ಟ ರನ್ ನೋಡಿಯೇ ಮಾತಾಡಬೇಕು. ಬೆಂಚ್ ಕೋಚ್ (ಮ್ಯಾನೇಜರನ ಸಹಾಯಕ) ಆಗಿದ್ದ ರಾಬ್ ಥಾಮ್ಸನ್ ಮುಂದೆ 65-46 ಮಾಡಿ ವರ್ಲ್ಡ್ ಸೀರೀಸ್ ತನಕ ಒಯ್ದರು, ಅಲ್ಲಿ ಹ್ಯೂಸ್ಟನ್ ಎದುರು 4-2ರಲ್ಲಿ ಸೋತರು. ನಡುವೆ ಬ್ರೈಸ್ ಹಾರ್ಪರ್ ಹೆಬ್ಬೆರಳು ಮುರಿದುಕೊಂಡು ಸುಮಾರು ಎರಡು ತಿಂಗಳು ಹೊರಗಿದ್ದರು. ಅಂಥ ಬ್ಯಾಟರ್ ಇಲ್ಲದೆಯೂ ಗೆದ್ದದ್ದರಿಂದ, ತೆಗೆದದ್ದು ಸರಿ ಎನ್ನುವವರ ಕೈ ಇಲ್ಲಿ ಮೇಲಾಗಿದೆ. ನಮಗೆ ಗೊತ್ತಿರುವ ನಡುಸೀಸನ್ ಬದಲಾವಣೆಗಳಲ್ಲಿ ಇದಕ್ಕಿಂತ ಬಲವಾದ ವಾದ ಇರುವುದು 2003ರ ಫ್ಲಾರಿಡಾ ಮಾರ್ಲಿನ್ಸ್‌ಗೆ ಮಾತ್ರ: ಜೆಫ್ ಟಾರ್‌ಬೋರ್ಗ್ 16-22ರಲ್ಲಿ ಹೋದರು, 72 ವರ್ಷದ ಜ್ಯಾಕ್ ಮೆಕೀನ್ 75-49 ಮಾಡಿ ಯಾಂಕೀಸ್ ವಿರುದ್ಧ ಪಟ್ಟ ಗೆದ್ದರು.

ದಿನಾಂಕದಲ್ಲಿ ಇನ್ನೊಂದು ಎಚ್ಚರಿಕೆ. ಜಾಲತಾಣದಲ್ಲಿರುವುದು ಅಮೆರಿಕದ ದಿನ. ನಾವು ಶನಿವಾರ ಬೆಳಗ್ಗೆ ನೋಡಿದ ಮ್ಯಾಚು ಅಲ್ಲಿ ಶುಕ್ರವಾರದ್ದು, ಒಂದು ದಿನ ಹಿಂದೆ ಹುಡುಕಿ.

ಮ್ಯಾನೇಜರನ ಒಂದೊಂದು ನಿರ್ಧಾರವನ್ನೇ ಹಿಡಿದು ನೋಡಬೇಕೆಂದರೆ ಸ್ಕೋರ್‌ಕಾರ್ಡಿನ ಕೆಳಗಿರುವ 'ಪ್ಲೇ ಬೈ ಪ್ಲೇ' ಪಟ್ಟಿ ಬಿಚ್ಚಬೇಕು. ಈ ಜಾಲತಾಣದ ಅತ್ಯುತ್ತಮ ಭಾಗ ಇದೇ. 2003ರ ಅಕ್ಟೋಬರ್ 16, ಬಾಸ್ಟನ್ ಮತ್ತು ಯಾಂಕೀಸ್ ನಡುವಿನ ಅಮೆರಿಕನ್ ಲೀಗ್ ಫೈನಲ್ ಸರಣಿಯ ಏಳನೇ ಮ್ಯಾಚ್ ತೆಗೆಯಿರಿ. ಎಂಟನೇ ಇನಿಂಗ್ಸ್, ಬಾಸ್ಟನ್ 5-2 ಮುಂದೆ, ಪಿಚರ್ ಪೆಡ್ರೊ ಮಾರ್ಟಿನೆಜ್. ಪ್ರತಿ ಸಾಲಿನಲ್ಲೂ ಸ್ಕೋರು, ಎಷ್ಟು ಔಟ್, ಯಾವ ಬೇಸಿನಲ್ಲಿ ಯಾರು, ಎಷ್ಟು ಎಸೆತ, ಬ್ಯಾಟರ್ ಯಾರು, ಪಿಚರ್ ಯಾರು. ಒಂದು ಔಟ್ ಆದ ಮೇಲೆ ಯಾಂಕೀಸ್‌ನ ಜೀಟರ್ ಡಬಲ್ (ಎರಡನೇ ಬೇಸ್ ತಲುಪಿಸುವ ಹೊಡೆತ), ಬರ್ನಿ ವಿಲಿಯಮ್ಸ್ ಸಿಂಗಲ್ (ಮೊದಲ ಬೇಸ್ ತಲುಪಿಸುವುದು), 5-3. ಆಗ ಬಾಸ್ಟನ್ ಮ್ಯಾನೇಜರ್ ಗ್ರೇಡಿ ಲಿಟ್ಲ್ ಮೈದಾನಕ್ಕೆ ಬಂದರು. ಪೆಡ್ರೊ 115 ಎಸೆದಾಗಿತ್ತು. ಮಾತಾಡಿ, ಅವರನ್ನೇ ಬಿಟ್ಟು ಹಿಂದಿರುಗಿದರು. ಮತ್ಸುಯಿ ಡಬಲ್. ಪೊಸಾಡಾ ಡಬಲ್, ಬೇಸಿನಲ್ಲಿದ್ದ ಇಬ್ಬರೂ ರನ್ ಪೂರೈಸಿದರು, 5-5. ಪೆಡ್ರೊ 123 ಎಸೆತಕ್ಕೆ ಹೊರಗೆ. ಹನ್ನೊಂದನೇ ಇನಿಂಗ್ಸ್‌ನಲ್ಲಿ ಯಾಂಕೀಸ್‌ನ ಆರನ್ ಬೂನ್ ಹೋಮ್‌ರನ್ ಹೊಡೆದು ಮುಗಿಸಿದರು. ಬಲಗಡೆಯ ಕಾಲಮುಗಳಲ್ಲಿ ಪ್ರತಿ ಹೊಡೆತಕ್ಕೆ ಗೆಲುವಿನ ಸಂಭವ ಎಷ್ಟು ಶೇಕಡಾ ಸರಿಯಿತು ಎಂಬುದಿದೆ, ಅದನ್ನು ಮೇಲಿನಿಂದ ಕೆಳಗೆ ಓದುತ್ತಾ ಬಂದರೆ ತಪ್ಪು ಯಾವ ಕ್ಷಣದ್ದು ಎಂದು ಬೆರಳಿಟ್ಟು ತೋರಿಸಬಹುದು. ಲಿಟ್ಲ್ ಅವರ ಒಪ್ಪಂದವನ್ನು ಬಾಸ್ಟನ್ ಮುಂದುವರಿಸಲಿಲ್ಲ. ಮುಂದಿನ ವರ್ಷ ಟೆರಿ ಫ್ರಾಂಕೋನಾ ಕೈಯಲ್ಲಿ ಅದೇ ತಂಡ ಪಟ್ಟ ಗೆದ್ದಿತು.

ಒಂದು ರಾತ್ರಿಯ ಬದಲು ಇಡೀ ಸೀಸನ್‌ನ ಬುಲ್‌ಪೆನ್ ಬಳಕೆ ನೋಡಲು ತಂಡದ ಪಿಚಿಂಗ್ ಪುಟದಲ್ಲಿ ರಿಲೀವರ್‌ಗಳ (ಮ್ಯಾಚಿನ ನಡುವೆ ಬದಲಿಯಾಗಿ ಬರುವ ಪಿಚರ್‌ಗಳು; ಇವರ ಗುಂಪೇ ಬುಲ್‌ಪೆನ್) ಪಟ್ಟಿ ಇದೆ. ಅಲ್ಲಿ 'ಎಎಲ್‌ಐ' ಎಂಬುದು ಮ್ಯಾಚಿನ ಬಿಗಿತ ಅಳೆಯುವ ಅಂಕಿ: 1 ಅಂದರೆ ಸರಾಸರಿ, 1.5 ದಾಟಿದರೆ ಬಿಗಿ, 0.7ಕ್ಕಿಂತ ಕೆಳಗೆ ಸಡಿಲ. ತಂಡದ ಒಳ್ಳೆಯ ರಿಲೀವರ್‌ಗೆ 0.9, ಹೊಡೆಸಿಕೊಳ್ಳುವವನಿಗೆ 1.6 ಇದ್ದರೆ ಮ್ಯಾನೇಜರ್ ಮೇಲೆ ದೂರು ಹಾಕಲು ಕಾರಣವಿದೆ. '0ಡಿಆರ್' ಎಂಬ ಕಾಲಂ ಹಿಂದಿನ ದಿನ ಆಡಿ ಮರುದಿನವೇ ಎಸೆದ ಸಂಖ್ಯೆ. ತೊಂದರೆ ಏನೆಂದರೆ ಈ ಪಟ್ಟಿ ಇಡೀ ವರ್ಷದ್ದು, ಹಳೆಯ ಮ್ಯಾನೇಜರ್ ಹೊಸ ಮ್ಯಾನೇಜರ್ ಎಂದು ಒಡೆದು ಕೊಡುವುದಿಲ್ಲ. ಉಪಾಯ: ಆಟಗಾರನ 'ಗೇಮ್ ಲಾಗ್' ತೆಗೆದು, ಬದಲಾವಣೆಯ ಮುಂಚಿನ ಮೊದಲ ಸಾಲು ಮತ್ತು ಕೊನೆಯ ಸಾಲು ಒತ್ತಿ, ನಡುವಿನ ಮೊತ್ತ ಅದೇ ಕೂಡಿಸಿ ಕೊಡುತ್ತದೆ.

"ಬಂದವನೇ ಎರಡು ವಾಕ್ ಕೊಟ್ರೂ ಪಿಚರ್ ಯಾಕ ಬದಲಿ ಮಾಡಲಿಲ್ಲ?" ಎನ್ನುವ ಮುಂಚೆ ನಿಯಮವನ್ನೂ ನೋಡಿ. 2020ರಿಂದ ಒಳಬಂದ ಪಿಚರ್ ಕನಿಷ್ಠ ಮೂರು ಬ್ಯಾಟರ್‌ಗಳನ್ನು ಎದುರಿಸಬೇಕು, ಇಲ್ಲವೇ ಇನಿಂಗ್ಸ್ ಮುಗಿಸಬೇಕು. ಗಾಯ ಅಥವಾ ಅನಾರೋಗ್ಯವಾದರೆ ಮಾತ್ರ ವಿನಾಯಿತಿ. ಹೊರಹೋದ ಆಟಗಾರ ಆ ಮ್ಯಾಚಿಗೆ ಮತ್ತೆ ಬರುವಂತಿಲ್ಲ. ಮ್ಯಾನೇಜರ್ ಪುಟದ 'ಟೆಂಡೆನ್ಸೀಸ್' ಪಟ್ಟಿ ಬಂಟ್, ಬೇಸ್ ಕದಿಯುವುದು, ವಾಕ್ ಕೊಡಿಸುವುದನ್ನು ಲೀಗ್ ಸರಾಸರಿ 100ಕ್ಕೆ ಹೋಲಿಸುತ್ತದೆ. ಬರೀ ಬಂಟ್ ಸಂಖ್ಯೆ ಹೋಲಿಸಬೇಡಿ: 2022ರಿಂದ ಅಮೆರಿಕನ್, ನ್ಯಾಷನಲ್ ಎರಡೂ ಲೀಗುಗಳಲ್ಲಿ ಪಿಚರ್ ಬದಲು ಬೇರೆಯವರು ಬ್ಯಾಟ್ ಮಾಡುವುದರಿಂದ ನ್ಯಾಷನಲ್ ಲೀಗಿನ ಹಳೆಯ ಅಂಕಿ, ಹೊಸ ಅಂಕಿ ಒಂದೇ ತೂಕದವಲ್ಲ.

ಜಾಲತಾಣ ಹೇಳಲಾರದ ವಿಷಯಗಳೂ ಇವೆ. ಯಾವ ರಿಲೀವರ್‌ಗೆ ಆ ದಿನ ಭುಜ ನೋವಿತ್ತು, ಯಾರು ಎರಡು ಸಲ ವಾರ್ಮ್‌ಅಪ್ ಮಾಡಿ ಕುಳಿತರು, ಡ್ರೆಸ್ಸಿಂಗ್ ರೂಮಿನಲ್ಲಿ ಯಾರ ಮಾತು ಯಾರು ಕೇಳುತ್ತಿರಲಿಲ್ಲ, ಇವು ಯಾವ ಕಾಲಮಿನಲ್ಲೂ ಇಲ್ಲ. ಎಸೆತದ ವೇಗ ಇಳಿಯುತ್ತಿತ್ತೇ ಎಂದು ತಿಳಿಯಲು ಬೇಸ್‌ಬಾಲ್ ಸಾವಂಟ್ ಎಂಬ ಇನ್ನೊಂದು ಜಾಲತಾಣಕ್ಕೆ ಹೋಗಬೇಕು. ಅದೂ ಉಚಿತ; ಆದರೆ ಎಸೆತದ ವೇಗದ ಮಾಹಿತಿ ಅಲ್ಲಿ 2008ರಿಂದೀಚೆಗಿನದು ಮಾತ್ರ.

ತಂಡವೇ ದುರ್ಬಲವಾದರೆ ಏನಾಗುತ್ತದೆ ಎಂಬುದನ್ನು ಮಾತ್ರ ಇದು ಚೆನ್ನಾಗಿ ತೋರಿಸುತ್ತದೆ. 1988ರಲ್ಲಿ ಬಾಲ್ಟಿಮೋರ್ ಮೊದಲ ಆರು ಮ್ಯಾಚ್ ಸೋತಿತು ಎಂದು ಕ್ಯಾಲ್ ರಿಪ್ಕನ್ ಸೀನಿಯರ್‌ರನ್ನು ತೆಗೆದರು. ಫ್ರಾಂಕ್ ರಾಬಿನ್ಸನ್ ಬಂದ ಮೇಲೆ ಇನ್ನೂ ಹದಿನೈದು ಸೋತು 0-21 ಆಯಿತು. ಕೊಲರಾಡೊ ರಾಕೀಸ್ 2025ರ ಮೇ 10ರಂದು 21-0 ಸೋತು, ಮರುದಿನ ಗೆದ್ದು, ಅದೇ ದಿನ ಬಡ್ ಬ್ಲ್ಯಾಕ್‌ರನ್ನು ಕಳಿಸಿತು, 7-33ರಲ್ಲಿ. ವಾರನ್ ಶೇಫರ್ ಕೈಯಲ್ಲಿ 36-86, ಒಟ್ಟು 43-119. ಹೊಡೆದದ್ದು 597, ಬಿಟ್ಟದ್ದು 1,021; ಸೂತ್ರ ಕೊಡುವುದು 44 ಗೆಲುವು. ಅದೃಷ್ಟದ ಪಾಲು ಒಂದೇ ಒಂದು ಮ್ಯಾಚ್. ಇಂಥ ತಂಡಕ್ಕೆ ಮ್ಯಾನೇಜರ್ ಬದಲಿಸಿ ಏನೂ ಆಗದು. ಐಪಿಎಲ್‌ನ 14 ಲೀಗ್ ಮ್ಯಾಚುಗಳಲ್ಲಿ ಇಷ್ಟು ಖಚಿತವಾಗಿ ಹೇಳಲು ಬರುವುದಿಲ್ಲ. 162 ಮ್ಯಾಚ್ ಇರುವುದರಿಂದ ಇಲ್ಲಿ ಬರುತ್ತದೆ.

ಫೋನಿನಲ್ಲಿ ಬಳಸುವವರು ಅಡ್ಡ ಹಿಡಿಯಿರಿ, ಪಟ್ಟಿಗಳು ಅಗಲ. ಕಾಲಂ ತಲೆಯ ಮೇಲೆ ಬೆರಳು ತಾಗಿದರೆ ಪಟ್ಟಿಯ ಕ್ರಮವೇ ಬದಲಾಗುತ್ತದೆ. ಸಂಕ್ಷೇಪಾಕ್ಷರದ ಅರ್ಥ ಕಂಪ್ಯೂಟರಿನಲ್ಲಿ ಕರ್ಸರ್ ಇಟ್ಟರೆ ಬರುತ್ತದೆ, ಫೋನಿನಲ್ಲಿ ಪಟ್ಟಿಯ ಮೇಲಿನ 'ಗ್ಲಾಸರಿ' ಒತ್ತಬೇಕು. ಎಲ್ಲವೂ ಇಂಗ್ಲಿಷಿನಲ್ಲೇ ಇದೆ. 'ಸ್ಟ್ಯಾಟ್‌ಹೆಡ್' ಎಂಬ ಚಂದಾ ವಿಭಾಗ ನಿಮಗೆ ಬೇಕಾದ ಷರತ್ತು ಹಾಕಿ ಹುಡುಕುವವರಿಗೆ; ಮ್ಯಾನೇಜರ್ ವಾದಕ್ಕೆ ಅದರ ಅಗತ್ಯ ಬೀಳುವುದಿಲ್ಲ. ತೆಗೆದುಕೊಳ್ಳುವುದೇ ಆದರೆ ಹಣ ಡಾಲರಿನಲ್ಲಿ ಹೋಗುತ್ತದೆ, ಡೆಬಿಟ್ ಕಾರ್ಡಿನ ಅಂತಾರಾಷ್ಟ್ರೀಯ ಬಳಕೆಯನ್ನು ಬ್ಯಾಂಕ್ ಆ್ಯಪ್‌ನಲ್ಲಿ ಮೊದಲು ಚಾಲೂ ಮಾಡಿಕೊಳ್ಳಿ, ಕೆಲಸ ಮುಗಿದ ಕೂಡಲೇ ಬಂದ್ ಮಾಡಿ.